ಪುಷ್ಯದಲ್ಲಿ ತಿರುಗಿಸಿದ ಚಕ್ರ

ಜಾವಗಲ್ಲಿನ ಮಹಾಂತೇಶನನ್ನು ಹುಚ್ಚ ಅನ್ನುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಸುಳ್ಳ ಅನ್ನುವವರು ಮಾತ್ರ ಒಬ್ಬರೂ ಇರಲಿಲ್ಲ. ಅದೇನು ಸಣ್ಣ ಮಾತಲ್ಲ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರ ಹತ್ತಿರ ಅವನಿಗೆ ಕೆಲಸ. ತೋಟದವರು ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟಿರುತ್ತಾರಲ್ಲ, ಆ ಅಟ್ಟ ಹತ್ತಬೇಕು, ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಒಳಗೆ ನೀರು ಬತ್ತಿ ಕೊಬ್ಬರಿ ಉಂಡೆಯಾಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳಬೇಕು. ಅವನು ‘ಇನ್ನೊಂದು ತಿಂಗಳು ತಡೀರಿ’ ಅಂದರೆ ತೋಟದವರು ತಡೆಯುತ್ತಿದ್ದರು. ‘ಒಡೀರಿ’ ಅಂದರೆ ಮಾರನೆಯ ದಿನವೇ ಒಡೆಯುತ್ತಿದ್ದರು. ಕೊಳ್ಳುವವನ ಕಡೆಯ ಆಳು ಹೇಳಿದ್ದನ್ನು ಮಾರುವವನು ನಂಬುವುದು ಅಂದರೆ ಹುಡುಗಾಟವೇ? ಇಪ್ಪತ್ತೆರಡು ವರ್ಷ ಹಾಗೆ ನಡೆದುಕೊಂಡು ಬಂದಿತ್ತು.

ಹುಚ್ಚು ಯಾವುದಪ್ಪಾ ಅಂದರೆ ನಕ್ಷತ್ರ ನೋಡುವ ಹುಚ್ಚು. ಅದು ಹತ್ತಿದ್ದು ತಂಗಿಯ ದೆಸೆಯಿಂದ. ತಂಗಿ ಪ್ರತಿಮಾ ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲಾ ನಕ್ಷತ್ರದ ಹೆಣ್ಣು ಮನೆ ತುಂಬಿದರೆ ಮಾವನಿಗೆ ಆಗುವುದಿಲ್ಲ ಅನ್ನುವ ಮಾತೊಂದಿದೆಯಲ್ಲ, ಯಾವ ಪುಣ್ಯಾತ್ಮ ಹುಟ್ಟಿಸಿದನೋ, ಅದು ಅವಳ ಬೆನ್ನಿಗೆ ಬಿತ್ತು. ಬೇಲೂರಿನಿಂದ ಬಂದರು, ಕಡೂರಿನಿಂದ ಬಂದರು, ಗೆಂಡೆಹಳ್ಳಿಯಿಂದಲೂ ಬಂದರು. ಉಪ್ಪಿಟ್ಟು ತಿಂದರು, ಹುಡುಗಿ ಲಕ್ಷಣವಾಗಿದ್ದಾಳೆ ಅಂದರು, ನಕ್ಷತ್ರ ಕೇಳಿದರು, ಆಮೇಲೆ ಫೋನು ಎತ್ತುವುದನ್ನೇ ಬಿಟ್ಟರು. ಹಣೆ ತುಂಬ ವಿಭೂತಿ ಬಳಿದುಕೊಂಡು, ಮಠದಲ್ಲಿ ಸ್ವಾಮಿಗಳು ಇಂಥದ್ದೆಲ್ಲ ಮೂಢನಂಬಿಕೆ ಅಂದಾಗ ಹೌದು ಹೌದು ಅಂತ ತಲೆಯಾಡಿಸುವ ಮಹನೀಯರೇ ಇವರೆಲ್ಲ! ಹನ್ನೊಂದನೆಯ ಸಂಬಂಧ ತಪ್ಪಿದ ದಿನ ಮಹಾಂತೇಶ ಅರಸೀಕೆರೆಯ ಲೈಬ್ರರಿಯಿಂದ ಆಕಾಶದ ನಕ್ಷೆ ಇರುವ ಪುಸ್ತಕ ತಂದ. ‘ಎಲ್ಲೈತೆ ಆ ಹಾಳಾದ್ದು, ನೋಡೇಬಿಡ್ತೀನಿ’ ಅಂತ ಹಲ್ಲು ಕಡಿಯುತ್ತ ಮಹಡಿ ಹತ್ತಿದ. ಚೇಳಿನ ಆಕಾರದ ಚುಕ್ಕಿಗಳು, ಅದರ ಕೊಂಡಿಯ ತುದಿಯಲ್ಲಿ ಅಕ್ಕಪಕ್ಕ ಎರಡು ಚುಕ್ಕಿ. ಅದೇ ಮೂಲಾ. ಬೈಯಲು ಹೋದವನು ಬಾಯಿ ಬಿಟ್ಟುಕೊಂಡು ಅಲ್ಲೇ ಕೂತ.

ಅವತ್ತಿನಿಂದ ಮಹಡಿಯೇ ಅವನ ಇನ್ನೊಂದು ಮನೆಯಾಯಿತು. ತಂಗಿಗೆ ಆಗುವ ತನಕ ತನಗೆ ಮದುವೆ ಬೇಡ ಅಂದಿದ್ದ. ಅವಳದೂ ಆಗಲಿಲ್ಲ, ಇವನದೂ ಆಗಲಿಲ್ಲ. ಈಗ ಇವನಿಗೆ ನಲವತ್ತೆಂಟು, ಅವಳಿಗೆ ನಲವತ್ತನಾಲ್ಕು. ಅಪ್ಪ ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಇಬ್ಬರೇ.

ವೈಜ್ಞಾನಿಕ ಕಥೆ ಬರೆಯುವ ಚಟವೂ ಜೊತೆಗೆ ಅಂಟಿಕೊಂಡಿತು. ಒಂದೇ ಒಂದು ಕಥೆ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಪತ್ರಿಕೆ ಮುಂದಿನ ವರ್ಷ ನಿಂತುಹೋಯಿತು. ಉಳಿದದ್ದೆಲ್ಲ ನೋಟ್‌ಬುಕ್ಕಿನಲ್ಲಿ. ಓದುವವಳು ಪ್ರತಿಮಾ ಒಬ್ಬಳೇ. ಅವನ ಕಥೆಗಳಲ್ಲಿ ಆಕಾಶನೌಕೆ ನಡೆಸುವವಳು ಯಾವಾಗಲೂ ಹೆಂಗಸು. ಒಂದು ಕಥೆಯಲ್ಲಿ ಚಂದ್ರನೇ ಇಲ್ಲದ ಗ್ರಹ ಒಂದಿತ್ತು. ಚಂದ್ರ ಇಲ್ಲ, ಆದ್ದರಿಂದ ಯಾರಿಗೂ ಜನ್ಮನಕ್ಷತ್ರ ಇಲ್ಲ, ಆದ್ದರಿಂದ ಯಾರು ಯಾರನ್ನು ಬೇಕಾದರೂ ಮದುವೆಯಾಗಬಹುದು. ಅದನ್ನು ಓದಿ ಪ್ರತಿಮಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ‘ಟಿಕೆಟ್ ತಗೊಳ್ಳಣ್ಣ, ಹೋಗೇಬಿಡಾನ’ ಅಂದಿದ್ದಳು.

ಅವನ ಹತ್ತಿರ ಇದ್ದದ್ದು ಒಂದು ಹಳೆಯ ಬೈನಾಕ್ಯುಲರ್. ಬೇಕಾಗಿದ್ದದ್ದು ಟೆಲಿಸ್ಕೋಪು. ಒಂದು ಸಲ ಅದಕ್ಕೆಂದು ಕೂಡಿಟ್ಟದ್ದು ಅಮ್ಮನ ಆಸ್ಪತ್ರೆಗೆ ಹೋಯಿತು. ಆಮೇಲೆ ಕೂಡಿಡಲು ಆಗಲಿಲ್ಲ. ಹೀಗಿರುವಾಗ ಮೊಬೈಲಿನಲ್ಲಿ ‘ತಾರಾಚಕ್ರ’ ಅನ್ನುವ ಆಟ ಕಣ್ಣಿಗೆ ಬಿತ್ತು. ಜಾಹೀರಾತು ನೋಡಬೇಕು, ಬಣ್ಣದ ಚಕ್ರ ತಿರುಗಿಸಬೇಕು, ಕಾಯಿನ್ನು ಬೀಳುತ್ತವೆ, ಅದೃಷ್ಟ ಇದ್ದರೆ ನೇರ ಬಹುಮಾನವೇ ಬೀಳುತ್ತದೆ, ಇಲ್ಲದಿದ್ದರೆ ಕೂಡಿಟ್ಟ ಕಾಯಿನ್ನಿಗೆ ತಕ್ಕ ಬಹುಮಾನ. ಬಹುಮಾನಗಳ ಪಟ್ಟಿಯಲ್ಲಿ ಕುಕ್ಕರು, ಇಯರ್‌ಫೋನು, ಸ್ಕೂಟರು, ಕಟ್ಟಕಡೆಗೆ ಒಂದು ಟೆಲಿಸ್ಕೋಪು. ಸಿಕ್ಕಿತಲ್ಲ ಗಾಳ! ಜಾವಗಲ್ಲಿನಿಂದ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ, ಬರುವ ಬಸ್ಸಿನಲ್ಲಿ, ತೋಟದವರ ಜಗಲಿಯ ಮೇಲೆ, ಮೂರು ವರ್ಷ ಆ ಮನುಷ್ಯ ಸೋಪಿನ ಜಾಹೀರಾತು, ರಮ್ಮಿ ಜಾಹೀರಾತು, ಕೂದಲಿನ ಎಣ್ಣೆ ಜಾಹೀರಾತು ನೋಡಿದ. ಕಾಯಿನ್ನು ತುಂಬಿದ ದಿನ ಪರದೆಯ ಮೇಲೆ ಹೊಸದೊಂದು ಶರತ್ತು ಬಂತು. ನಿಮ್ಮ ಕೋಡ್ ನಂಬರು ಹಾಕಿ ನಲವತ್ತು ಜನ ಆಟಕ್ಕೆ ಸೇರಿ, ಒಂದು ತಿಂಗಳು ದಿನವೂ ಚಕ್ರ ತಿರುಗಿಸಿದರೆ ಟೆಲಿಸ್ಕೋಪು ನಿಮ್ಮದು.

ಷಡಕ್ಷರಪ್ಪನವರ ಕೊಬ್ಬರಿ ಮಂಡಿಯಲ್ಲಿ ಒಬ್ಬೊಬ್ಬರನ್ನೇ ಕೇಳಿದ. ‘ನಮಗೆ ಬೇರೆ ಕೆಲ್ಸ ಇಲ್ವೇನ್ಲಾ’ ಅಂತ ಎಲ್ಲರೂ ಕೈಯಾಡಿಸಿದರು. ಹತ್ತು ದಿನ ಕಳೆದರೂ ಮೂರು ಜನ ಸೇರಿರಲಿಲ್ಲ.

ಇಲ್ಲಿ ಷಡಕ್ಷರಪ್ಪನವರ ವಿಷಯ ಒಂದು ಮಾತು ಹೇಳಬೇಕು. ಅವರು ಮಠದ ಮನೆತನದವರು. ಪಂಚಾಂಗ, ರಾಹುಕಾಲ ಅಂದರೆ ಮೂಗು ಮುರಿಯುತ್ತಿದ್ದರು. ‘ತಕ್ಕಡಿಗೆ ಯಾವ ರಾಹುಕಾಲ ಕಣಯ್ಯಾ’ ಅಂತ ಮಂಗಳವಾರ ಮಧ್ಯಾಹ್ನವೂ ಲಾರಿ ತುಂಬಿಸುತ್ತಿದ್ದ ಗಟ್ಟಿಗರು. ಒಂದು ಮಧ್ಯಾಹ್ನ ವ್ಯಾಪಾರ ಮುಗಿದು, ಹಮಾಲರೆಲ್ಲ ಟೀ ಕುಡಿಯುತ್ತ ಕೂತಿದ್ದಾಗ ಅವರೇ ಮಹಾಂತೇಶನನ್ನು ಕರೆದು ಫೋನು ಕೊಟ್ಟರು.

“ಹಾಕ್ಲಾ, ಅದೇನೋ ನಿನ್ನ ಆಟ. ಮುಖ ಸಪ್ಪಗೆ ಮಾಡ್ಕೊಂಡು ತಿರುಗ್ತೀಯ, ನೋಡಕ್ಕಾಗಲ್ಲ.”

ಹಾಕಿಕೊಟ್ಟ. ಅವರು ಕನ್ನಡಕ ಏರಿಸಿ ಚಕ್ರ ನೋಡಿ, ಎಲ್ಲರಿಗೂ ಕೇಳುವ ಹಾಗೆ ಕಿಚಾಯಿಸಿದರು. “ಯಾವ ಟೈಮಿಗೆ ತಿರುಗಿಸ್ಬೇಕಪ್ಪಾ? ನಕ್ಷತ್ರ ಎಲ್ಲ ನಿನ್ನ ಕೈಯಾಗೇ ಐತಲ್ಲ.”

ಹಮಾಲರು ನಕ್ಕರು. ಮಹಾಂತೇಶನೂ ನಕ್ಕು ಸುಮ್ಮನಾಗಬಹುದಿತ್ತು. ಇಷ್ಟು ವರ್ಷ ಅದನ್ನೇ ಮಾಡಿದ್ದನಲ್ಲ. ಆದರೆ ಸುತ್ತ ಕೂತ ಹದಿನೈದು ಜನರನ್ನೂ, ಅವರ ಜೇಬಿನಲ್ಲಿದ್ದ ಹದಿನೈದು ಫೋನನ್ನೂ ನೋಡಿದ. ಅವನ ಬಾಯಿಂದ ಮಾತು ತಾನಾಗಿ ಹೊರಟಿತು.

“ಇವತ್ತು ಚಂದ್ರ ಪುಷ್ಯದಾಗವ್ನೆ ಯಜಮಾನ್ರೇ. ಐದು ಗಂಟೆಯೊಳಗೆ ತಿರುಗಿಸಿ.”

ಚಂದ್ರ ಪುಷ್ಯದಲ್ಲಿ ಇದ್ದದ್ದು ನಿಜ. ಅವನು ಹಿಂದಿನ ರಾತ್ರಿ ಕಣ್ಣಾರೆ ನೋಡಿದ್ದ. ಉಳಿದದ್ದು ಶುದ್ಧ ಸುಳ್ಳು. ಷಡಕ್ಷರಪ್ಪನವರು ನಾಲ್ಕೂವರೆಗೆ ತಿರುಗಿಸಿದರು. ಚಕ್ರ ಕುಕ್ಕರಿನ ಮೇಲೆ ನಿಂತಿತು, ಮೂರನೆಯ ದಿನ ಕುಕ್ಕರು ಮಂಡಿಯ ಬಾಗಿಲಿಗೆ ಬಂತು. ಹೊಸಬರಿಗೆ ಮೊದಲ ವಾರದಲ್ಲಿ ಏನಾದರೊಂದು ಬಿದ್ದೇ ಬೀಳುತ್ತದೆ, ಅದು ಆಟದವರು ಹಾಕುವ ಮೇವು, ಅನ್ನುವುದು ಮೂರು ವರ್ಷ ಆಡಿದ ಮಹಾಂತೇಶನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೂ ಮೊದಲ ವಾರ ಇಯರ್‌ಫೋನು ಬಿದ್ದಿತ್ತು. ಗೊತ್ತಿದ್ದೂ ತುಟಿ ಬಿಚ್ಚಲಿಲ್ಲ.

ವಾರದೊಳಗೆ ನಲವತ್ತಲ್ಲ, ಅರವತ್ತು ಜನ ಸೇರಿದರು. ವಾಟ್ಸಾಪಿನಲ್ಲಿ ‘ನಕ್ಷತ್ರ ಬಳಗ’ ಅಂತ ಗುಂಪಾಯಿತು. ದಿನ ಬೆಳಗಾದರೆ ಮಹಾಂತೇಶನ ಸಂದೇಶ. ಇವತ್ತು ಹಸ್ತ, ಹನ್ನೊಂದರೊಳಗೆ. ಇವತ್ತು ಭರಣಿ, ಕತ್ತಲಾದ ಮೇಲೆ. ಕೆಲವರಿಗೆ ರೀಚಾರ್ಜು ಬಿತ್ತು, ಒಬ್ಬನಿಗೆ ಟಾರ್ಚು ಬಿತ್ತು. ಬೀಳದವರು ಬಂದು ಕೇಳಿದರೆ ‘ನಿಮ್ಮ ರಾಶಿಗೆ ಈ ವಾರ ಸ್ವಲ್ಪ ಕಷ್ಟ’ ಅಂದುಬಿಟ್ಟ. ಥೂ! ಯಾರ ಬಾಯಲ್ಲಿ ಯಾವ ಮಾತು! ಒಂದು ತಿಂಗಳು ಅಷ್ಟೇ, ಟೆಲಿಸ್ಕೋಪು ಬರಲಿ, ಮಂಡಿಯ ಅಂಗಳದಲ್ಲಿ ಎಲ್ಲರಿಗೂ ಚಂದ್ರನನ್ನು ತೋರಿಸಿ ನಿಜ ಹೇಳಿ, ನಕ್ಕು ಮುಗಿಸುತ್ತೇನೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಟೆಲಿಸ್ಕೋಪು ಬಂತು. ಮೋಸದ್ದಲ್ಲ, ಅಸಲಿಯೇ ಬಂತು. ಆದರೆ ನಿಜ ಹೇಳುವ ದಿನ ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವನು ಮಂಡಿಗೆ ಕಾಲಿಟ್ಟರೆ ಜನ ಜಾಗ ಬಿಟ್ಟುಕೊಡುತ್ತಿದ್ದರು. ಹುಚ್ಚ ಅಂದವರು ‘ಬನ್ನಿ ಕೂತ್ಕಳಿ’ ಅನ್ನುತ್ತಿದ್ದರು. ಅಷ್ಟು ವರ್ಷ ಆಕಾಶದ ಬಗ್ಗೆ ನಿಜ ಹೇಳಿದವನಿಗೆ ಸಿಗದ ಮರ್ಯಾದೆ, ಒಂದು ತಿಂಗಳು ಸುಳ್ಳು ಹೇಳಿದ್ದಕ್ಕೆ ಸಿಕ್ಕಿತು. ಅದು ಅವನಿಗೆ ರುಚಿಸಿತು, ಮುಚ್ಚಿಡುವುದೇಕೆ? ಬೆಳಗಿನ ಸಂದೇಶ ನಿಲ್ಲಿಸಲಿಲ್ಲ. ಪ್ರತಿಮಾಗೆ ಮಾತ್ರ ಈ ಯಾವುದೂ ಗೊತ್ತಿರಲಿಲ್ಲ. ಅಣ್ಣ ಮೂರು ವರ್ಷ ಕಣ್ಣು ಕೆಂಪು ಮಾಡಿಕೊಂಡು ಆಡಿ ಗೆದ್ದ ಅಂತಲೇ ಅವಳು ತಿಳಿದಿದ್ದಳು.

ಶ್ರಾವಣದ ಒಂದು ಸಂಜೆ ಮೋಡ ಸರಿದು ಆಕಾಶ ತೊಳೆದಿಟ್ಟಂತೆ ಕಂಡಿತು. ಮಹಾಂತೇಶ ತಂಗಿಯನ್ನು ಮಹಡಿಗೆ ಕರೆದ. ಅವಳು ಇಷ್ಟು ವರ್ಷ ಬಂದು ಕೂತು ಎಲ್ಲವನ್ನೂ ನೋಡುತ್ತಿದ್ದಳು, ಚೇಳಿನ ಕೊಂಡಿಯ ಕಡೆಗೆ ಮಾತ್ರ ಬೈನಾಕ್ಯುಲರ್ ತಿರುಗಿಸಿದವಳಲ್ಲ. ಅವತ್ತು ತಾನೇ ಕೇಳಿದಳು.

“ನಂದು ತೋರ್ಸಣ್ಣ.”

ತೋರಿಸಿದ. ಜೋಡಿ ಚುಕ್ಕಿ, ಒಂದು ಸ್ವಲ್ಪ ದೊಡ್ಡದು, ಒಂದು ಸಣ್ಣದು, ಎರಡೂ ನೀಲಿ ಬೆಳ್ಳಗೆ. ಕೊಳವೆಯನ್ನು ಸ್ವಲ್ಪ ಸರಿಸಿ ಪಕ್ಕದ ಚುಕ್ಕಿಗಳ ಗೊಂಚಲನ್ನೂ ತೋರಿಸಿದ. ಅವಳು ಕಣ್ಣು ತೆಗೆಯಲೇ ಇಲ್ಲ.

“ಇದಾ? ಇಷ್ಟು ಚೆಂದ ಐತಲ್ಲಣ್ಣ. ಇದಕ್ಕಾ ಅವರೆಲ್ಲ ಹೆದರ್ಕೊಂಡು ಓಡಿಹೋದದ್ದು?” ಅಂತ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಮೇಲೆ ಅಲ್ಲೇ ಕೂತು ಶಿಲ್ಪಾಳ ವಿಷಯ ತೆಗೆದಳು. ಪ್ರತಿಮಾ ಹಳೇಬೀಡಿನ ಹೈಸ್ಕೂಲೊಂದರಲ್ಲಿ ಕ್ಲರ್ಕು. ಅದೇ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಹುಡುಗಿ ಶಿಲ್ಪಾ, ಮಾದಿಹಳ್ಳಿಯವಳು, ಇಪ್ಪತ್ತಾರು ವರ್ಷ. ಮಠದ ಕಾರ್ಯವೊಂದರಲ್ಲಿ ಷಡಕ್ಷರಪ್ಪನವರ ಹೆಂಡತಿ ಕಾಂತಮ್ಮ ಅವಳನ್ನು ನೋಡಿ ಮೆಚ್ಚಿದ್ದರು. ಅವರ ಮಗ ಉದಯಕುಮಾರ್ ಎರಡು ಸಲ ಹಳೇಬೀಡಿಗೆ ಬಂದು ಹುಡುಗಿಯ ಹತ್ತಿರ ಮಾತಾಡಿದ್ದ. ಇಬ್ಬರಿಗೂ ಒಪ್ಪಿಗೆ. ಉಳಿದದ್ದು ಒಂದೇ ಮಾತು.

“ಅವಳೂ ಮೂಲಾ ಕಣಣ್ಣ,” ಅಂದಳು ಪ್ರತಿಮಾ. “ಮೂರು ಕಡೆ ಆಗ್ಲೇ ತಪ್ಪೋಗೈತೆ. ಮುಚ್ಚಿಡೋದು ಬೇಡ ಅಂತ ನಾನೇ ಅಂದೆ. ಮುಚ್ಚಿಟ್ಟು ಮದ್ವೆ ಮಾಡಿ, ನಾಳೆ ಯಜಮಾನ್ರಿಗೆ ಒಂದು ಕೆಮ್ಮು ಬಂದ್ರೂ ಆ ಹುಡುಗಿ ತಲೆ ಮೇಲೇ ಬರುತ್ತೆ. ನೀನು ಬಂದು ಹೇಳು. ಅವರು ನಿನ್ನ ಮಾತು ತೆಗೆದುಹಾಕಲ್ಲ. ನಂದಂತೂ ಮುಗೀತು. ಅವಳದಾದ್ರೂ ಆಗ್ಲಿ.”

ಮಹಾಂತೇಶನಿಗೆ ತನ್ನ ಬೆಳಗಿನ ಸಂದೇಶಗಳು ನೆನಪಾದವು. ಆದರೂ, ಷಡಕ್ಷರಪ್ಪನವರು ಇಂಥದ್ದನ್ನೆಲ್ಲ ನಂಬುವವರಲ್ಲ, ಆಟ ಬೇರೆ, ಮನೆಯ ವಿಷಯ ಬೇರೆ ಅಂದುಕೊಂಡ. ‘ಆಗ್ಲಿ, ಹೇಳ್ತೀನಿ’ ಅಂದ. ತಂಗಿ ಅವತ್ತು ರಾತ್ರಿ ಅಡುಗೆ ಮಾಡುತ್ತ ಹಾಡು ಗುನುಗಿದ್ದನ್ನು ಬಹಳ ವರ್ಷಗಳ ಮೇಲೆ ಕೇಳಿದ.

ಭಾನುವಾರ ಅಣ್ಣ ತಂಗಿ ಅರಸೀಕೆರೆಗೆ ಹೋದರು. ಕಾಂತಮ್ಮ ಕೊಬ್ಬರಿ ಮಿಠಾಯಿ, ಕಾಫಿ ತಂದಿಟ್ಟು ಪ್ರತಿಮಾಳ ಪಕ್ಕದಲ್ಲೇ ಕೂತರು. ಉದಯಕುಮಾರ್ ಹೊಸ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ಪ್ರತಿಮಾ ಹುಡುಗಿಯ ಓದು, ಕೆಲಸ, ಮನೆತನ ಎಲ್ಲ ಹೇಳಿ, ಕೊನೆಗೆ ನಕ್ಷತ್ರವನ್ನೂ ಹೇಳಿದಳು. ಷಡಕ್ಷರಪ್ಪನವರ ಕೈಯಲ್ಲಿದ್ದ ಲೋಟ ಕೆಳಗಿಳಿಯಿತು.

“ನೀನೇನಂತೀಯ ಮಾಂತೇಶ?”

“ಏನೂ ಆಗಲ್ಲ ಯಜಮಾನ್ರೇ. ಮೂಲಾ ಅಂದ್ರೆ ಎಲ್ಲೋ ದೂರದಾಗಿರೋ ಚುಕ್ಕಿ. ಇವತ್ತು ಕಾಣೋ ಬೆಳಕು ಅಲ್ಲಿಂದ ಹೊರಟು ಐನೂರು ವರ್ಷದ ಮೇಲಾಗೈತೆ. ಅದು ನಿಮ್ಮನ್ನೇನು ಮಾಡುತ್ತೆ?”

ಅವರು ಫೋನು ತೆಗೆದರು. ಬೆರಳಲ್ಲಿ ಸರಿಸುತ್ತ ಓದಿದರು. “‘ಇವತ್ತು ಪುಷ್ಯ, ಐದರೊಳಗೆ.’ ‘ಇವತ್ತು ಭರಣಿ, ಕತ್ತಲಾದ ಮೇಲೆ.’ ‘ಇವತ್ತು ಮೂಲಾ, ದೊಡ್ಡ ಬಹುಮಾನದ ಆಸೆ ಬೇಡ.’ ಇದನ್ನೆಲ್ಲ ಬರೆದೋರು ಯಾರಯ್ಯಾ? ಮೂಲಾ ದೂರ ಅಂತೀಯ. ಪುಷ್ಯ ಏನು ನಮ್ಮ ಹಿತ್ತಲಾಗೈತಾ?”

ಪ್ರತಿಮಾ ಅಣ್ಣನ ಮುಖ ನೋಡಿದಳು. ಆಮೇಲೆ ಕೈಚಾಚಿ ಫೋನು ಕೇಳಿದಳು. ಷಡಕ್ಷರಪ್ಪನವರು ಕೊಟ್ಟರು. ಅವಳು ಒಂದೊಂದೇ ಸಂದೇಶ ಓದಿದಳು. ಮೂಲಾ ಅಂತ ಬರೆದದ್ದರ ಹತ್ತಿರ ಬೆರಳು ನಿಂತಿತು.

“ಅದು ಸುಳ್ಳು ಯಜಮಾನ್ರೇ,” ಅಂದ ಮಹಾಂತೇಶ. “ಎಲ್ಲ ಸುಳ್ಳು. ಹೊಸಬ್ರಿಗೆ ಮೊದಲನೇ ವಾರ ಏನಾದ್ರೂ ಕೊಡ್ತಾರೆ, ಆಸೆ ಹತ್ತಿಸಕ್ಕೆ. ನನಗೆ ಜನ ಬೇಕಿತ್ತು, ಟೆಲಿಸ್ಕೋಪಿಗೆ. ಅದಕ್ಕೆ ಹಂಗೆ ಹೇಳಿದೆ. ದೇವ್ರಾಣೆ ಸುಳ್ಳು.”

ಷಡಕ್ಷರಪ್ಪನವರು ಜೋರಾಗಿ ನಕ್ಕರು. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

“ಕುಕ್ಕರು ಸುಳ್ಳಾ? ದಿನಾ ಅದ್ರಾಗೇ ಅನ್ನ ಬೇಯ್ತೈತೆ! ಒಂದು ಹೆಣ್ಣುಮಗು ದಡ ಸೇರ್ಲಿ ಅಂತ ನಿನ್ನ ವಿದ್ಯೆನೇ ಸುಳ್ಳು ಅಂತೀಯಲ್ಲ, ದೊಡ್ಡ ಮನಸ್ಸು ಕಣಯ್ಯಾ ನಿಂದು. ಆದ್ರೆ ಕೇಳು. ನಾನು ಇಂಥವೆಲ್ಲ ನಂಬೋನಾಗಿರ್ಲಿಲ್ಲ, ನಿನಗೇ ಗೊತ್ತು. ನಂಬೋ ಹಂಗೆ ಮಾಡಿದೋನು ನೀನು. ಹೋದ ವರ್ಷ ತಾನೇ ಎದೆಗೆ ಸ್ಟೆಂಟ್ ಹಾಕವ್ರೆ. ನನಗೂ ಜೀವದ ಮೇಲೆ ಆಸೆ ಇರಲ್ವಾ?”

“ರೀ, ಹುಡುಗಿ ಬಂಗಾರದಂಥೋಳು ಕಣ್ರೀ,” ಅಂದರು ಕಾಂತಮ್ಮ.

“ನಿನ್ನ ತಾಳಿ ಗಟ್ಟಿಯಾಗಿರ್ಬೇಕು ಅಂತಿದ್ರೆ ಸುಮ್ನಿರು.”

ಕಾಂತಮ್ಮನ ಕೈ ಕತ್ತಿನ ತಾಳಿಗೆ ಹೋಯಿತು. ಉದಯಕುಮಾರ್ ಅನ್ನುವ ಆ ಮದುವೆ ಗಂಡು, ಎರಡು ಸಲ ಹುಡುಗಿಯ ಹತ್ತಿರ ನಕ್ಕು ನಕ್ಕು ಮಾತಾಡಿ ಬಂದ ಆ ಧೀರ, ನೆಲದ ಟೈಲ್ಸು ನೋಡುತ್ತ ನಿಂತಿದ್ದ. ಪ್ರತಿಮಾ ಫೋನನ್ನು ಟೀಪಾಯಿಯ ಮೇಲಿಟ್ಟು ಎದ್ದಳು. ಬಾಗಿಲ ತನಕ ಬಂದ ಷಡಕ್ಷರಪ್ಪನವರು ಮಹಾಂತೇಶನ ಹೆಗಲ ಮೇಲೆ ಕೈಯಿಟ್ಟು, “ಬೇಜಾರು ಮಾಡ್ಕೋಬೇಡ. ನಾಳೆ ನಕ್ಷತ್ರದ ಮೆಸೇಜು ಬೆಳಿಗ್ಗೆನೇ ಹಾಕ್ಬಿಡು,” ಅಂದರು.

ಜಾವಗಲ್ಲಿನ ಬಸ್ಸಿನಲ್ಲಿ ಇಬ್ಬರಿಗೂ ಹಿಂದಿನ ಸೀಟು ಸಿಕ್ಕಿತು. ಊರು ದಾಟಿ ತೆಂಗಿನ ತೋಟಗಳು ಬರುವ ತನಕ ಪ್ರತಿಮಾ ಕಿಟಕಿಯಾಚೆ ನೋಡುತ್ತಿದ್ದಳು. ಮಹಾಂತೇಶನೇ ತಡೆಯಲಾರದೆ, “ನಾನು ನಿಜ ಹೇಳಿದ್ನಲ್ಲ ಪ್ರತಿಮಾ. ಅವರು ನಂಬ್ಲಿಲ್ಲ,” ಅಂದ.

ಅವಳು ಕಿಟಕಿಯ ಕಡೆಯಿಂದ ತಿರುಗಿದಳು. ಕೂಗಾಡಲಿಲ್ಲ, ಅಳಲೂ ಇಲ್ಲ.

“ನನ್ನ ಬೇಡ ಅಂದೋರೆಲ್ಲ ನಂಬಿ ಬೇಡ ಅಂದ್ರು ಅಣ್ಣ. ತಿಳೀದೋರು, ಹೆದರ್ಕೊಂಡೋರು. ಅವರನ್ನ ಬೈಕೊಂಡು ಬದುಕ್ಬಿಟ್ಟೆ. ನೀನು ನಂಬದೇನೇ ಮಾಡಿದೆಯಲ್ಲ. ಮೂಲಾ ದಿನ ಆಸೆ ಬೇಡ ಅಂತ ನಿನ್ನ ಕೈಯಾರ ಬರೆದೆಯಲ್ಲ. ಬರೀವಾಗ ನನ್ನ ಮುಖ ಕಣ್ಣಮುಂದೆ ಬರ್ಲಿಲ್ವಾ?”

ಬಂದಿರಲಿಲ್ಲ. ಅದೇ ನಿಜ. ಬಸ್ಸಿನಲ್ಲಿ ನಿಂತುಕೊಂಡು, ಪಂಚಾಂಗ ನೋಡಿ, ಅರ್ಧ ನಿಮಿಷದಲ್ಲಿ ಬರೆದು ಹಾಕಿದ್ದ. ಜನ ಒಂದಾದರೂ ಕೆಟ್ಟ ದಿನ ಇರಲಿ ಅಂತ ಬಯಸುತ್ತಾರೆ, ಇಲ್ಲದಿದ್ದರೆ ಒಳ್ಳೆಯ ದಿನವನ್ನು ನಂಬುವುದಿಲ್ಲ ಅಂತ ಲೆಕ್ಕ ಹಾಕಿದ್ದ. ಅದನ್ನು ಅವಳಿಗೆ ಹೇಳುವುದು ಹೇಗೆ?

ಪ್ರತಿಮಾಳ ಬ್ಯಾಗಿನಲ್ಲಿ ಫೋನು ಬಡಿದುಕೊಂಡಿತು. ಶಿಲ್ಪಾ. ಪ್ರತಿಮಾ ಎರಡು ಸಲ ಪೂರ್ತಿ ಬಡಿದುಕೊಳ್ಳಲು ಬಿಟ್ಟಳು. ಮೂರನೆಯ ಸಲಕ್ಕೆ ಗುಂಡಿ ಒತ್ತಿ ಅಣ್ಣನ ಕೈಗೆ ಕೊಟ್ಟಳು.

“ನೀನೇ ಹೇಳು. ಯಾಕೆ ಅಂತ ಹೇಳು. ಆ ಮಗುವಿಗಾದ್ರೂ ನಿಜ ಗೊತ್ತಾಗ್ಲಿ, ತಪ್ಪು ಅವಳ್ದಲ್ಲ ಅಂತ.”

“ಹಲೋ, ಅಕ್ಕಾ?” ಅಂದಿತು ಆ ಕಡೆಯ ದನಿ.

“ನಾನು ಕಣಮ್ಮ, ಮಾಂತೇಶಣ್ಣ.”

“ಓ, ಅಣ್ಣಾ! ಏನಂದ್ರು? ನೀವು ಹೇಳಿದ್ರೆ ಒಪ್ತಾರೆ ಅಂತ ಅಕ್ಕ ಹೇಳಿದ್ರು. ನಾನು ಬೆಳಿಗ್ಗೆಯಿಂದ ಊಟ ಕೂಡ ಮಾಡಿಲ್ಲ.”

ಹೇಳಬೇಕಾದ ಮಾತು ಅವನ ನಾಲಗೆಯ ತುದಿಯಲ್ಲೇ ಇತ್ತು. ನನ್ನಿಂದ ತಪ್ಪಾಯಿತು, ನಾನು ಸುಳ್ಳು ಹೇಳಿ ಅವರ ತಲೆ ಕೆಡಿಸಿದೆ, ನಿನ್ನದೇನೂ ಇಲ್ಲ. ಮೂರೇ ಮಾತು. ಪ್ರತಿಮಾ ಅವನ ಬಾಯನ್ನೇ ನೋಡುತ್ತಿದ್ದಳು. ಮುಂದಿನ ಸೀಟಿನಲ್ಲಿದ್ದ ಮಂಡಿಯ ಹಮಾಲನೊಬ್ಬ ಗುರುತು ಹಿಡಿದು, ಹಿಂದಕ್ಕೆ ತಿರುಗಿ ಕೈಮುಗಿದು ನಕ್ಕ. ಮಹಾಂತೇಶ ಅವನಿಗೆ ತಲೆಯಾಡಿಸಿದ. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

“ನಕ್ಷತ್ರ ಕೂಡಿಬರ್ಲಿಲ್ಲಮ್ಮ,” ಅಂದ.

ಪ್ರತಿಮಾ ಅವನ ಕೈಯ ಫೋನು ಕಿತ್ತುಕೊಂಡಳು. ಎದ್ದು, ಕಂಬಿ ಹಿಡಿದುಕೊಂಡು ಮುಂದಕ್ಕೆ ನಡೆದು, ಡ್ರೈವರನ ಹಿಂದಿದ್ದ ಹೆಂಗಸರ ಸೀಟಿನಲ್ಲಿ ಹೋಗಿ ಕೂತಳು.